ಸೊಸೆಯರು ಹೊತ್ತು ತಂದ ಏರಿ

ಮಂಡ್ಯದಿಂದ ಮಳವಳ್ಳಿಗೆ ಬಸ್ಸಿಗೆ ಎಂಟಾಣೆ ತೆತ್ತೆ. ಯುದ್ಧದ ಕಾಲ, ಪೆಟ್ರೋಲಿಲ್ಲ, ಇದ್ದಿಲಿನಲ್ಲಿ ಓಡುವ ಬಸ್ಸು, ಚೌಕಾಸಿ ನಡೆಯಲಿಲ್ಲ. ಮಳವಳ್ಳಿಯಿಂದ ಬೆಟ್ಟದ ಬುಡಕ್ಕೆ ಎತ್ತಿನ ಗಾಡಿಯವನು ಕೇಳಿದ್ದನ್ನು ಅರ್ಧಕ್ಕಿಳಿಸಿದೆ. ಈ ಖರ್ಚೆಲ್ಲ ಮಗಳು ಪುಟ್ಟತಾಯಿಗಾಗಿ. ಮಂಡ್ಯದ ಗುತ್ತಲಿನಲ್ಲಿರುವ ನಮ್ಮ ಬೆಲ್ಲದ ಮಂಡಿಗೆ ಹುಣಸೆಹಣ್ಣು ತರುತ್ತಿದ್ದ ಹುಡುಗನೊಬ್ಬ ಅವಳಿಗೆ ಒಪ್ಪಿಗೆಯಾಗಿದ್ದ. ಅವನ ಊರು ಬೆಟ್ಟದ ಮೇಲೆ, ಕೆರೆಯ ಪಕ್ಕ. ಮನೆ ನೋಡದೆ ಹೆಣ್ಣು ಕೊಡುವವನಲ್ಲ ನಾನು.

ಕಾದ ಬಂಡೆಯ ಮೇಲೆ ಏದುತ್ತ ಹತ್ತಿದೆ. ಮೇಲೆ ತುಂಬಿದ ಕೆರೆ, ದಡದಲ್ಲಿ ಹುಲ್ಲು ಮಾಡಿನ ಕೆಲವೇ ಮನೆ. ಹುಡುಗನ ಅಜ್ಜಿ ಕೆಂಪಮ್ಮ ಮುದ್ದೆ, ಹುರುಳಿ ಸಾರು ಬಡಿಸಿದಳು. ಕೊಡುವ ತರುವ ಮಾತು ಸಲೀಸಾಗಿ ಮುಗಿಯಿತು. ಆಮೇಲೆ ಅಜ್ಜಿ, “ಒಂದು ಮಾತದೆ ಕಣಪ್ಪ. ಸೊಸೆಯಾಗಿ ಬರೋಳು ಬುಡದ ಹಳ್ಳದಿಂದ ಒಂದು ಕಲ್ಲ ಒತ್ಕಂಡು ಬಂದು ಕೆರೆ ಏರಿಗಿಡ್ಬೇಕು” ಅಂದಳು.

“ಪೇಟೇಲಿ ಬೆಳೆದವಳು ಅಜ್ಜಿ. ಆಳಿನ ಕೈಲಿ ಒಂದಕ್ಕೆ ಹತ್ತು ಹೊರಿಸ್ತೀನಿ, ಒಪ್ಕೊಳ್ಳಿ.”

“ಬೆಲ್ಲದ ಯಾಪಾರ ಅಂದ್ಕಂಡ್ಯಾ? ಒತ್ತೋನು ಆಳಾದ್ರೆ ಅವನ್ನೇ ಸೊಸೆ ಮಾಡ್ಕಳವಾ?”

ಜಗಲಿಯಲ್ಲಿದ್ದ ಗಂಡಸರೆಲ್ಲ ನಕ್ಕರು. ಸಿಟ್ಟು ಬಂತು, ಸಂಬಂಧವೇ ಬೇಡವೆಂದು ಎದ್ದು ಎಕ್ಕಡ ಮೆಟ್ಟಿದೆ. “ನೋಡ್ಕಂಡಾರೂ ಓಗು ಬಾ” ಎಂದು ಅಜ್ಜಿ ಏರಿಗೆ ಕರೆದೊಯ್ದಳು.

ಹಿಂದೊಮ್ಮೆ ಕಾಲರಾಕ್ಕೆ ಹೆದರಿ ಕೆಳಗಿನ ಊರು ಬಿಟ್ಟು ಬಂದವರಂತೆ ಇವರ ಹಿರಿಯರು. ಗಂಡಸರು ಕಟ್ಟಿದ ಮಣ್ಣಿನ ಏರಿ ಮಳೆಗೆ ಕಿತ್ತುಹೋಯಿತು. ಎಲ್ಲರೂ ಗಂಟುಮೂಟೆ ಕಟ್ಟಿ ಇಳಿಯುವ ಹೊತ್ತಿಗೆ ಕೆಂಪಮ್ಮನ ಅತ್ತೆ ಮದುವೆಯಾಗಿ ಬಂದಳು, ತಲೆಯ ಮೇಲೆ ಹಳ್ಳದ ಕಲ್ಲು ಹೊತ್ತು. “‘ಇಳಿಯಾಕೆ ಬಂದೋಳಲ್ಲ ನಾನು’ ಅಂದ್ಲಂತೆ.” ಆಮೇಲೆ ಹೆಂಗಸರೆಲ್ಲ ಕೆಳಗೆ ಹೋದಾಗಲೆಲ್ಲ ಕಲ್ಲು ಹೊತ್ತು ಏರಿ ನಿಲ್ಲಿಸಿದರು. ಮೇಲಿನ ಸಾಲು ಮಾತ್ರ ಮದುವೆಯ ದಿನ ತಂದದ್ದು.

ಅಜ್ಜಿ ಒಂದೊಂದನ್ನೇ ಮುಟ್ಟುತ್ತ ಬಂದಳು. “ಇದು ಮದ್ದೂರು ಕಡೆ ನಿಂಗೀದು. ಇದು ನಂದು. ಇದು ಸಿವಪುರದೋಳ್ದು, ನಮ್ಮುಡುಗನ ಅವ್ವ. ಬಾಣಂತೀಲೇ ಓದ್ಲು. ಅವನು ಅವ್ವನ್ನ ಕಂಡಿರೋದು ಇಷ್ಟೇಯ. ಪಕ್ಕದಾಗೆ ಅವನ ಎಂಡ್ರ ಕಲ್ಲಿಗೆ ಜಾಗ ಬುಟ್ಟಿವ್ನಿ.”

ನಾನು ಎಕ್ಕಡ ಬಿಟ್ಟು ನಿಂತೆ. ಆದರೂ ಬಾಯಿ ಸುಮ್ಮನಿರಲಿಲ್ಲ. “ಸಣ್ಣದಾದರೆ ನಡೆಯುತ್ತಾ?”

“ಅವಳು ಎತ್ತೋವಷ್ಟು. ನೀನು ಎತ್ತೋವಷ್ಟಲ್ಲ.”

ಅಲ್ಲಿಗೆ ಹೋಗುವವರು ಗಾಡಿ ಬಾಡಿಗೆ ಮೊದಲೇ ಮಾತಾಡಿಕೊಳ್ಳಿ, ಬಿಸಿಲೇರುವ ಮೊದಲೇ ಹತ್ತಿ. ಹೆಣ್ಣು ಕೊಡುವವರಾದರೆ ಗುಂಡುಕಲ್ಲು ಬೇಡ, ಜಾರುತ್ತದೆ. ಚಪ್ಪಟೆಯದು ಆರಿಸಿ, ತಲೆಗೆ ಸಿಂಬಿ ದಪ್ಪಗಿರಲಿ. ಹಳ್ಳದ ಹೊಂಗೆ ಮರದಡಿ ಬಿಳಿ ಗೆರೆಯ ಕಲ್ಲೊಂದಿದೆ. ಅದನ್ನು ಮಾತ್ರ ಮುಟ್ಟಬೇಡಿ. ನಾನೇ ತಲೆಯ ಮೇಲಿಟ್ಟು ನೋಡಿ, ಪುಟ್ಟತಾಯಿಗೆಂದು ತೆಗೆದಿಟ್ಟು ಬಂದಿದ್ದೇನೆ.