ಬಂದ್ ಮಾಡಬಾರದ ಗಾಡಿ

ಅಪ್ಪ ತೀರಿಕೊಂಡ ಮೇಲೆ ನಮ್ಮ ಮನೆಯ ಡೀಸೆಲ್ ಕಾರು ಒಂದು ದಿನವೂ ಖಾಲಿ ಇರಲಿಲ್ಲ. ಓಡುತ್ತಿರಲಿಲ್ಲ, ಅಷ್ಟೇ. ಹಂಸಭಾವಿಯ ನಮ್ಮ ಹಿತ್ತಲಿನಲ್ಲಿ, ಪತ್ರಾಸಿನ ತಗಡಿನ ಚಪ್ಪರದ ಕೆಳಗೆ ಅದನ್ನು ನಿಲ್ಲಿಸಿದ್ದೇ ತಡ, ಅವ್ವ ಅದನ್ನು ಕಪಾಟು ಮಾಡಿಕೊಂಡಳು. ಹಿಂದಿನ ಸೀಟಿನ ಮೇಲೆ ಬೀಜದ ಗೋವಿನಜೋಳ, ಡಿಕ್ಕಿಯಲ್ಲಿ ಹುಣಸೆಹಣ್ಣು, ಸ್ಟೀರಿಂಗಿಗೆ ಬಳ್ಳೊಳ್ಳಿಯ ಗೊಂಚಲು. "ಇಲಿ ಹೋಗಲಾರದ ಜಾಗ ಈ ಮನ್ಯಾಗ ಇದೊಂದ ಐತಿ" ಎಂದು ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡುತ್ತಿದ್ದಳು. ನಮ್ಮಲ್ಲಿ ಸಂಡಿಗೆ ಕರಿಯಬೇಕೆಂದರೆ ಮೊದಲು ಕಾರಿನ ಬಾಗಿಲು ತೆಗೆಯಬೇಕಿತ್ತು.

ಅಂಥ ಅವ್ವ ಒಂದು ಬೆಳಿಗ್ಗೆ ಚಹಾದ ಬಟ್ಟಲು ಕೆಳಗಿಟ್ಟು, "ಗಾಡಿ ಚಾಲೂ ಮಾಡಸು. ಸವಣೂರಿಗೆ ಹೋಗಬೇಕು" ಎಂದಳು.

ಸವಣೂರಿನಲ್ಲಿ ಅವ್ವನ ಅಕ್ಕ, ನನ್ನ ದೊಡ್ಡವ್ವ ಇದ್ದಾಳೆ. ಅವ್ವ ಆ ಮನೆಯ ಹೊಸ್ತಿಲು ತುಳಿದು ವರ್ಷಗಟ್ಟಲೆ ಆಗಿತ್ತು. ಅದಕ್ಕೆ ಕಾರಣ ಈ ಕಾರೇ. ದೊಡ್ಡವ್ವನ ಮಗನ ಮದುವೆಗೆ ನಾವು ಇದರಲ್ಲೇ ಹೊರಟಿದ್ದೆವು. ಹಾದಿಯಲ್ಲಿ ಇದು ಮುನಿಸಿಕೊಂಡು ನಿಂತಿತು. ಮಂಟಪ ಮುಟ್ಟುವಷ್ಟರಲ್ಲಿ ಅಕ್ಷತೆಯ ಅಕ್ಕಿಕಾಳು ಬಿದ್ದು ಮುಗಿದಿತ್ತು. ಮುಷ್ಟಿಯಲ್ಲಿ ಅಕ್ಕಿ ಹಿಡಿದುಕೊಂಡೇ ಒಳಗೆ ಓಡಿದ ಅವ್ವನಿಗೆ ದೊಡ್ಡವ್ವ ನಾಲ್ಕು ಜನರ ಮುಂದೆ, "ನಿಮ್ಮ ಗಾಡಿ ಹಾದಿ ಕಾಯೂದಕಿಂತ ಇನ್ನೊಂದು ಮದಿವಿ ಮಾಡೂದು ಹಗರ ಬಿಡವಾ" ಅಂದುಬಿಟ್ಟಳು. ಎಲ್ಲರೂ ನಕ್ಕರು. ಅಪ್ಪನೂ ನಕ್ಕ. ಅವ್ವನಿಗೆ ಹೆಚ್ಚು ಚುಚ್ಚಿದ್ದು ಅದು.

"ಇನ್ನ ನಿನ್ನ ಮನಿಗೆ ಬಂದ್ರ ಇದ ಗಾಡ್ಯಾಗ ಬರ್ತೇನಿ, ಇದ ಗಾಡ್ಯಾಗ ಹೊಳ್ಳಿ ಹೋಗ್ತೇನಿ. ಇಲ್ಲಂದ್ರ ಇಲ್ಲ" ಎಂದು ಅವ್ವ ಊಟ ಮಾಡದೆ ಎದ್ದು ಬಂದಳು. ಮುಂದೆ ಅಪ್ಪ ಹೋದ, ಕಾರು ಕೆಟ್ಟಿತು, ಆ ಮಾತೊಂದು ಮಾತ್ರ ಕೆಡದೆ ಉಳಿಯಿತು.

ಈಗ ಹೆಂಗಸರಿಗೆ ಬಸ್ಸು ಪುಕ್ಕಟೆ. ಹಾಗೆಂದು ನಾನು ನೆನಪಿಸಿದರೆ ಅವ್ವ, "ನನ್ನ ಪುಕ್ಕಟೆ ಒಯ್ತಾರ, ಖರೆ. ನನ್ನ ಮಾತನೂ ಒಯ್ತಾರೇನು?" ಎನ್ನುತ್ತಿದ್ದಳು. ಇಷ್ಟು ವರ್ಷ ಸುಮ್ಮನಿದ್ದವಳನ್ನು ಎಬ್ಬಿಸಿದ್ದು ಸವಣೂರಿನಿಂದ ವೀಳ್ಯದೆಲೆ ತರುವವನ ಸುದ್ದಿ. "ನಿಮ್ಮ ಅಕ್ಕಾರ ಕಣ್ಣು ಪೂರಾ ಮಂಜಾಗ್ಯಾವ್ರಿ. ದನಿ ಕೇಳಿದ್ರನ ಯಾರಂತ ಗುರ್ತ ಹತ್ತತೈತಿ" ಅಂದಿದ್ದ. ಅವತ್ತು ಅವ್ವ ಸುಣ್ಣ ಹಚ್ಚುವುದನ್ನೂ ಮರೆತು ಬರೀ ಎಲೆ ಜಗಿದಳು.

ಕಾರು ನೋಡಲು ಟ್ರ್ಯಾಕ್ಟರ್ ಮೇಸ್ತ್ರಿಯನ್ನು ಕರೆಸಿದೆ. ಆತನ ಲೆಕ್ಕದಲ್ಲಿ ಜಗತ್ತಿನ ಎಲ್ಲ ಗಾಡಿಗಳೂ ಟ್ರ್ಯಾಕ್ಟರೇ. ಕಾರೆಂದರೆ ನಾಚಿಕೆಗೆ ತಗಡು ಹೊದ್ದುಕೊಂಡ ಟ್ರ್ಯಾಕ್ಟರ್. ಟ್ಯಾಂಕಿನಿಂದ ಹಳೇ ಡೀಸೆಲ್ ಜೋನಿಬೆಲ್ಲದ ಹಾಗೆ ಇಳಿಯಿತು. ಇಂಜಿನ್ ಬಿಗಿದುಕೊಂಡಿತ್ತು, ಎಣ್ಣೆ ಸುರಿದು ನೆನೆಯಲು ಬಿಟ್ಟ. ಪೈಪಿನಲ್ಲಿ ಹೊಕ್ಕ ಗಾಳಿ ತೆಗೆದ. ಅವ್ವ ಪಕ್ಕದಲ್ಲೇ ಕುಳಿತು, ತನ್ನ ಕಪಾಟು ಖಾಲಿಯಾಗುವುದನ್ನು ನೋಡುತ್ತ, "ಹುಣಸಿಹಣ್ಣಿಗೆ ಡೀಸೆಲ್ ಹತ್ತೀತು, ಸಾವಕಾಶ" ಎಂದು ಆತನ ತಲೆ ತಿಂದಳು.

ಕಡೆಗೆ ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳೆದಾಗ ಕಾರು ಎರಡು ಸಲ ಕೆಮ್ಮಿತು. ಸೈಲೆನ್ಸರಿನಿಂದ ಮೊದಲು ಹಾರಿದ್ದು ಹೊಗೆಯಲ್ಲ, ಗೋವಿನಜೋಳ. ಇಲಿಗಳೂ ಅದನ್ನು ಕಪಾಟು ಮಾಡಿಕೊಂಡಿದ್ದವು. ಆಮೇಲೆ ಹೊಗೆ ಬಂತು, ಓಣಿಯೆಲ್ಲ ಕೆಮ್ಮಿತು, ಇಂಜಿನ್ ಗಡಗಡ ಎಂದಿತು. ಅವ್ವ ಕೈ ಮುಗಿದಳು.

"ಅಕ್ಕಾರ, ಸೆಲ್ಫು ಸತ್ತೈತ್ರಿ" ಎಂದ ಮೇಸ್ತ್ರಿ, ಸತ್ತವರ ಮನೆಯಲ್ಲಿ ಮಾತಾಡುವ ದನಿಯಲ್ಲಿ. "ಈಗ ಚಾಲೂ ಐತಿ, ಹಂಗ ಹೋಗ್ರಿ. ಆಕ್ಸಲರೇಟರ್ ಮ್ಯಾಲಿಂದ ಕಾಲು ತಗದ್ರಿ ಅಂದ್ರ ಬಂದ್ ಆಗ್ತೈತಿ. ಬಂದ್ ಆತಂದ್ರ ಮತ್ತ ಟ್ರ್ಯಾಕ್ಟರ್ ಕಟ್ಟಿ ಎಳೀಬೇಕು." ಅವ್ವನ ಕಡೆಯ ಬಾಗಿಲು ಮುಚ್ಚಿ ನಿಲ್ಲುತ್ತಿರಲಿಲ್ಲ. ಅದಕ್ಕೆ ಹೊರಗಿನಿಂದ ತಂತಿ ಬಿಗಿದ.

ಅಕ್ಕನ ಮನೆ ಮುಂದೆ ಟ್ರ್ಯಾಕ್ಟರ್ ಕಟ್ಟಿಸಿಕೊಂಡು ಎಳೆಸಿಕೊಳ್ಳುವುದೇ? ಅದಕ್ಕಿಂತ ಸಾಯುವುದು ವಾಸಿ ಎಂದು ಅವ್ವನ ಮುಖವೇ ಹೇಳಿತು. ಇಂಜಿನ್ ನಿಲ್ಲಿಸಲು ಎಳೆಯುವ ಕರಿ ಗುಂಡಿ ಡ್ಯಾಶ್‌ಬೋರ್ಡಿನಲ್ಲಿತ್ತು. ಯಾರೂ ಮುಟ್ಟಬಾರದೆಂದು ಅದಕ್ಕೆ ಅರಿವೆ ಸುತ್ತಿ ಗಂಟು ಹಾಕಿದಳು. "ಅಲ್ಲಿ ಹತ್ತು ನಿಮಿಷ ಮಾತಾಡಿ ಬರ್ತೇನಿ. ನೀ ಕಾಲು ತಗೀಬ್ಯಾಡ" ಎಂದು ನನ್ನಿಂದ ಆಣೆ ಮಾಡಿಸಿದಳು.

ಹೀಗೆ ಹೊರಟೆವು. ಪೆಡಲು ಮೂರು, ದೇವರು ಕೊಟ್ಟ ಕಾಲು ಎರಡು. ಹಂಪ್ ಬಂದಲ್ಲೆಲ್ಲ ಹ್ಯಾಂಡ್‌ಬ್ರೇಕ್ ಎಳೆದು, ಕಾಲಿನ ಹೆಬ್ಬೆರಳಿನಲ್ಲಿ ಆಕ್ಸಲರೇಟರ್ ಒತ್ತಿ ದಾಟಿಸಿದೆ. ಹಾನಗಲ್ಲಿನ ಬಂಕಿನಲ್ಲಿ ಹುಡುಗಿಯೊಬ್ಬಳು ಪೈಪು ಹಿಡಿದು, "ಬಂದ್ ಮಾಡ್ರಿ, ರೂಲ್ಸ್ ಐತಿ" ಎಂದಳು.

"ಬಂದ್ ಮಾಡಿದ್ರ ಇದು ಇಲ್ಲೇ ಉಳಿತೈತಿ. ಇಟ್ಕೊಂತೀರೇನು?" ಎಂದೆ.

ಆಕೆ ಕಾರನ್ನು ಸುತ್ತು ಹಾಕಿ ನೋಡಿದಳು. ಆಮೇಲೆ ನಮ್ಮನ್ನು ರಸ್ತೆಯ ಆಚೆಗೆ ಕಳಿಸಿ, ಕ್ಯಾನಿನಲ್ಲಿ ಡೀಸೆಲ್ ತಂದು ಸುರಿದಳು. ಬಂಕಾಪುರ ಬರುವಷ್ಟರಲ್ಲಿ ನನಗೆ ಕೆಳಗಿಳಿಯುವ ತುರ್ತು ಹುಟ್ಟಿತ್ತು. "ತಡಕೋ" ಎಂದಳು ಅವ್ವ.

ಸವಣೂರಿನ ಓಣಿ ಇಕ್ಕಟ್ಟು. ಎರಡೂ ಕಡೆಯ ಗೋಡೆಗೆ ಬಡಿದು ಇಂಜಿನ್ನಿನ ಸದ್ದು ದುಪ್ಪಟ್ಟಾಯಿತು. ಬಾಗಿಲ ತಂತಿಯನ್ನು ದೊಡ್ಡವ್ವನ ಮಗ ಬಿಚ್ಚುತ್ತಾನೆ ಎಂದುಕೊಂಡಿದ್ದೆವು. ನೋಡಿದರೆ ಮನೆಯವರೆಲ್ಲ ಹೊಲಕ್ಕೆ ಹೋಗಿದ್ದರು. ದೊಡ್ಡವ್ವ ಒಬ್ಬಳೇ ಕಟ್ಟೆಯ ಮೇಲೆ ಮೆಣಸಿನಕಾಯಿ ತೊಟ್ಟು ಮುರಿಯುತ್ತ ಕುಳಿತಿದ್ದಳು. ನಾನು ಇಳಿದರೆ ಗಾಡಿ ಬಂದ್. ಅವ್ವ ಇಳಿಯುವಂತೆಯೇ ಇಲ್ಲ.

"ಅಕ್ಕಾ!" ಎಂದು ಅವ್ವ ಕಿಟಕಿಯಿಂದ ಕೂಗಿದಳು. ಪಕ್ಕದಲ್ಲಿದ್ದ ನನಗೇ ಅದು ಕೇಳಲಿಲ್ಲ.

ದೊಡ್ಡವ್ವ ಎದ್ದು ನಿಂತು, ಸದ್ದಿನ ಕಡೆಗೆ ಕೈ ಬೀಸಿ, ಇಂಜಿನ್ನನ್ನೂ ಮೀರಿ ಒದರಿದಳು. "ಉಸುಕಿನ ಟ್ರ್ಯಾಕ್ಟರ್ ಇಲ್ಲಿ ಅಲ್ರೀ! ಕಟ್ಟಾಕತ್ತಿದ್ದು ಮುಂದಿನ ಮನಿ! ಮುಂದ ಹೋಗ್ರಿ!"

ನಾನು ಬಿದ್ದು ಬಿದ್ದು ನಕ್ಕೆ. ಅವ್ವ ಕತ್ತು ಹೊರಗೆ ಚಾಚಿ "ಅಕ್ಕಾ, ಅಕ್ಕಾ" ಎನ್ನುತ್ತಲೇ ಇದ್ದಳು. ದೊಡ್ಡವ್ವ ಸಿಟ್ಟಾಗಿ "ಮುಂದ, ಮುಂದ" ಎಂದು ಕೈ ಬೀಸುತ್ತಲೇ ಇದ್ದಳು, ಕಣ್ಣುಗಳು ಮಾತ್ರ ನಮ್ಮ ತಲೆಯ ಮೇಲೆ ಎಲ್ಲೋ ನೋಡುತ್ತಿದ್ದವು. ಅವ್ವ ಕತ್ತು ಒಳಗೆ ಎಳೆದುಕೊಂಡಾಗ ಅವಳ ಮುಖ ನೋಡಿದೆ. ನನ್ನ ನಗು ಅಲ್ಲೇ ನಿಂತಿತು.

ಅವ್ವ ಕರಿ ಗುಂಡಿಯ ಅರಿವೆಗೆ ಕೈ ಹಾಕಿದಳು.

"ಬ್ಯಾಡವಾ! ಟ್ರ್ಯಾಕ್ಟರ್ ಕಟ್ಟಿ ಎಳಸಬೇಕಾಗ್ತೈತಿ. ಇಲ್ಲೇ, ಅವರ ಮನಿ ಮುಂದ!" ಎಂದು ಅವಳ ಕಿವಿಯಲ್ಲಿ ಕೂಗಿದೆ.

"ಎಳೀಲಿ" ಎಂದಳು. ಗಂಟು ಬಿಚ್ಚಿ ಗುಂಡಿ ಎಳೆದಳು.

ಓಣಿಗೆ ಓಣಿಯೇ ತಣ್ಣಗಾಯಿತು. ದೊಡ್ಡವ್ವನ ಕೈ ಬೀಸಿದ್ದು ಬೀಸಿದ ಹಾಗೇ ನಿಂತಿತು.

"ಅಕ್ಕಾ, ನಾ" ಎಂದಳು ಅವ್ವ, ಮೆಲ್ಲಗೆ. "ನಮ್ಮ ಗಾಡ್ಯಾಗ ಬಂದೇನಿ."

ದೊಡ್ಡವ್ವ ಕಟ್ಟೆ ಇಳಿದು, ಕೈ ಮುಂದೆ ಮಾಡಿಕೊಂಡು ಬಂದಳು. ಬಾನೆಟ್ಟು ಮುಟ್ಟಿ, ಬಿಸಿ ಚುರುಗುಟ್ಟಿ, ಕೈ ಝಾಡಿಸಿದಳು. ಆಮೇಲೆ ಕಿಟಕಿ ಹುಡುಕಿ, ಮೆಣಸಿನಕಾಯಿಯ ಆ ಕೈಯನ್ನು ಒಳಗೆ ಹಾಕಿ ಅವ್ವನ ಕೆನ್ನೆ ಹಿಡಿದಳು. ಇಬ್ಬರ ಕಣ್ಣಲ್ಲೂ ನೀರು. ಅದರಲ್ಲಿ ಖಾರದ್ದೆಷ್ಟು, ಅಳುವಿನದ್ದೆಷ್ಟು ಎಂದು ನನಗೆ ತಿಳಿಯಲಿಲ್ಲ. ನನಗೂ ಅಳು ಬಂತು, ನಾನೇನು ಮೆಣಸಿನಕಾಯಿ ಮುಟ್ಟಿರಲಿಲ್ಲ.

"ಅಕ್ಕಿಕಾಳು ಬಿದ್ದು ಭಾಳ ದಿನ ಆತವಾ" ಎಂದಳು ದೊಡ್ಡವ್ವ. "ಊಟ ಇನ್ನೂ ಐತಿ. ಇಳಿ."

ನಾನು ಇಳಿದು ಬಾಗಿಲ ತಂತಿಗೆ ಕೈ ಹಚ್ಚಿದೆ. ಮೇಸ್ತ್ರಿ ಟ್ರ್ಯಾಕ್ಟರಿಗೆ ಬಿಗಿಯುವ ಹಾಗೆ ಬಿಗಿದಿದ್ದ.

"ಲಗೂ ಬಿಚ್ಚ" ಎಂದಳು ಅವ್ವ ಒಳಗಿನಿಂದ. "ಮತ್ತ ತಡ ಆಗ್ತೈತಿ."