ಸಂಗಪ್ಪ ಕಾಕಾನ ಕಿವಿ ಯಾರದು?

ಗೆಳೆಯರೇ, ಒಂದು ಕಿವಿಗೆ ಎಷ್ಟು ಜನ ಮಾಲೀಕರಿರಬಹುದು ಹೇಳಿ? ಇವತ್ತು ನಾನು ನೋಡಿದ ಮಟ್ಟಿಗೆ ಒಬ್ಬರೂ ಇಲ್ಲ.

ಕುಂಡಯಿಯ ನಮ್ಮ ಕಾರ್ಖಾನೆಯ ಗೇಟ್ ಕಾಯುವ ಸಂಗಪ್ಪ ಕಾಕಾ ವಿಜಾಪುರದ ಕಡೆಯವರು, ಸೈನ್ಯದಲ್ಲಿ ಫಿರಂಗಿ ಹಾರಿಸುತ್ತಿದ್ದ ಹವಾಲ್ದಾರರು. ಈಗ ಲಾರಿ ಬೆನ್ನ ಹಿಂದೆ ಬಂದು ಹಾರ್ನ್ ಹೊಡೆದರೂ ಅವರಿಗೆ ಕೇಳಿಸದು. ಕಿವಿಗೆ ಮಷೀನು ಬೇಕು. "ಫಿರಂಗಿಯಿಂದ ಹೋದ ಕಿವಿ, ಸೈನ್ಯವೇ ಕೊಡಲಿ" ಎಂದರು ನಮ್ಮ ಮ್ಯಾನೇಜರ್. ಸರಿ, ಮಾಜಿ ಸೈನಿಕರ ದವಾಖಾನೆಗೆ ನಾನೇ ಕರೆದುಕೊಂಡು ಹೋದೆ. ಅಲ್ಲಿಯ ಗುಮಾಸ್ತ ಹಳೆಯ ಕಾಗದ ತೋರಿಸಿದ: "ನಿವೃತ್ತಿಯಾಗುವಾಗ ಕಿವಿ ನೆಟ್ಟಗಿತ್ತಲ್ಲ? ಕಾರ್ಖಾನೆಯವರು ಕೊಡಲಿ."

"ಆವಾಗ ಯಾಕ್ ಹೇಳಲಿಲ್ರಿ ಕಾಕಾ?" ಎಂದು ಅವರ ಕಿವಿಗೆ ಬಾಯಿಟ್ಟು ಕೂಗಿದೆ.

"ಹೇಳಿದ್ರ ತಪಾಸಣಿ ಅಂತ ಮತ್ತ ಅಲ್ಲೇ ಇಟ್ಕೋತಿದ್ರು ತಮ್ಮಾ. ನನಗ ಮನಿ ಸೇರೂ ಅವಸರ. ಇಲ್ಲಿ ಹೇಳಿದ್ರ ಗೇಟಿನ ಕೆಲಸಾನ ಸಿಗ್ತಿರ್ಲಿಲ್ಲ."

ಕಾಕಾನನ್ನೂ ಕರೆದುಕೊಂಡು ಒಳಗೆ ಹೋಗಿ ಡಾಕ್ಟರಿಗೆ ಎಲ್ಲವನ್ನೂ ವಿವರಿಸಿದೆ. ಸೈನ್ಯದ ಡಾಕ್ಟರು, ಒಳ್ಳೆಯ ಮನುಷ್ಯ. ಹೊಸದಾಗಿ ಬರೆದುಕೊಡಲು ಪೆನ್ನು ತೆಗೆದು, ಕಾಕಾನ ಕಡೆ ತಿರುಗಿ, "ಏನು ತೊಂದರೆ, ಹವಾಲ್ದಾರ್?" ಎಂದು ಜೋರಾಗಿ ಕೇಳಿದರು.

ಮಾತು ಕೇಳಿಸಿತೋ ಇಲ್ಲವೋ, ಎದುರಿಗಿನ ಯೂನಿಫಾರಂ ಕಂಡದ್ದೇ ಕಾಕಾ ಎದ್ದು ಎದೆ ಸೆಟೆಸಿ ನಿಂತು ಕೂಗಿದರು:

"ಕೋಯಿ ತಕಲೀಫ್ ನಹೀ, ಸಾಬ್!"

ಕಿವಿ ಕೆಡಿಸಿದ್ದು ಯಾರು ಎಂಬುದಕ್ಕೆ ಸಾಕ್ಷಿ ಬೇಕಂತೆ. 'ಏನೂ ತೊಂದರೆ ಇಲ್ಲ' ಎಂಬ ಈ ಉತ್ತರ ಕಲಿಸಿದ್ದು ಯಾರು ಎಂಬುದಕ್ಕೂ ಬೇಕೇನು?