ಸಂಡೂರಿನ ಡಾಕ್ಟರ ಸ್ಟೂಲು

ಸಂಡೂರಿನ ಆ ಡಾಕ್ಟರು ಕೆಟ್ಟ ಸುದ್ದಿ ಹೇಳುವ ಮುಂಚೆ ಕುರ್ಚಿ ಬಿಟ್ಟು ಏಳುತ್ತಿದ್ದರು. ಮೂಲೆಯ ಸ್ಟೂಲನ್ನು ತಾವೇ ಎಳೆದು ತಂದು, ಅದರ ಮೇಲಿನ ಕೆಂಪು ಧೂಳನ್ನು ಅಂಗೈಯಿಂದ ಒರೆಸಿ, "ಮೊದ್ಲು ಕುಂದ್ರಿ" ಅನ್ನುತ್ತಿದ್ದರು. ಮಾತು ಆಮೇಲೆ. ಒಮ್ಮೆ ಬಾಗಿಲಲ್ಲಿ ನಿಂತಿದ್ದ ಹೆಣ್ಣುಮಗಳಿಗೆ ಅವಳ ಗಂಡನ ಎಕ್ಸ್‌ರೇ ಬಗ್ಗೆ ನಾನು ಹೇಳಹೋದಾಗ, "ಏನವ್ವಾ, ನಿಂತೋರಿಗೆ ಹಂಗ ಹೇಳ್ತಾರೇನು?" ಎಂದು ನನ್ನನ್ನು ಗದರಿದ್ದರು.

ಪಿಯುಸಿ ಮುಗಿದ ಬೇಸಿಗೆಯೆಲ್ಲ ನಾನು ಅವರ ಪಕ್ಕದಲ್ಲಿ ಕೂತು ನೋಡಿ ಕಲಿಯುತ್ತಿದ್ದೆ. ಗಣಿಯಲ್ಲಿ ದುಡಿದವರ ಬೆನ್ನಿಗೆ ಸ್ಟೆತಸ್ಕೋಪು ಇಟ್ಟು ನನಗೂ ಕೇಳಿಸುತ್ತಿದ್ದರು. ಕೆಟ್ಟುಹೋದ ಶ್ವಾಸಕೋಶ, ಕಿವಿಯ ಹತ್ತಿರ ಕೂದಲು ತಿಕ್ಕಿದ ಹಾಗೆ ಚರಚರ ಅನ್ನುತ್ತದೆ.

ನಾನು ಅರ್ಜಿ ಹಾಕಿದ್ದ ಹೊರದೇಶದ ಮೆಡಿಕಲ್ ಕಾಲೇಜಿನವರು, ಜೊತೆಗಿದ್ದು ಕಲಿತ ಡಾಕ್ಟರೊಬ್ಬರ ಶಿಫಾರಸು ಪತ್ರ ಬೇಕು ಅಂದಿದ್ದರು. ಕೊನೆಯ ದಿನ ಧೈರ್ಯ ಮಾಡಿ ಕೇಳಿದೆ.

"ಬರ್ಕೊಡ್ತೀನಿ ತಡಿ. ಏನ್ ಕಲ್ತಿ ನೋಡೋಣು" ಎಂದು ಸ್ಟೆತಸ್ಕೋಪನ್ನು ನನ್ನ ಕೈಗಿಟ್ಟು, ಬೆನ್ನು ತಿರುಗಿಸಿ ನಿಂತರು. ಪರೀಕ್ಷೆ ಅಂದುಕೊಂಡು ನಗುತ್ತಲೇ ಕಿವಿಗೆ ಹಾಕಿಕೊಂಡೆ.

ಅದೇ ಚರಚರ. ಎರಡೂ ಕಡೆ.

"ಏನ್ ಕೇಳಸ್ತೈತಿ? ಹೇಳು" ಅಂದರು, ಗೋಡೆಯ ಕಡೆ ಮುಖ ಮಾಡಿಕೊಂಡೇ.

ಮೂಲೆಯ ಸ್ಟೂಲನ್ನು ಎಳೆದು ತಂದು, ಅಂಗೈಯಿಂದ ಧೂಳು ಒರೆಸಿದೆ.

"ಸರ್, ಮೊದ್ಲು ಕುಂದ್ರಿ."

ಕೂತರು. ಜೇಬಿನಿಂದ ಪೆನ್ನು ತೆಗೆದರು.

"ಹಾಂ, ಈಗ ಬರೀತೀನಿ."